ಬೆಂಚಿನ ಮೇಲಿನ ಐದನೆಯ ಜಾಗ

ಮೂವತ್ತು ವರ್ಷಗಳ ವೃತ್ತಿಯಲ್ಲಿ ಶಿಲ್ಪಿ ಮಾಡಿದ್ದೆಲ್ಲ ಗಂಡಸರನ್ನೇ. ಮೀಸೆಯವರು, ಮೀಸೆಯಿಲ್ಲದವರು, ಕುದುರೆ ಏರಿದವರು, ಕುದುರೆಗೆ ಹಣ ಸಾಲದೆ ಬರೀ ನಿಂತವರು. ಹೀಗಾಗಿ ಹೆಂಗಸರಿಗೆ ಮತದಾನದ ಹಕ್ಕು ತಂದುಕೊಟ್ಟ ಹೋರಾಟಕ್ಕೊಂದು ಸ್ಮಾರಕ ಬೇಕೆಂದು ನಗರಸಭೆಯ ಸಮಿತಿ ಅವಳನ್ನು ಕರೆಸಿದಾಗ, ಅವಳು ಅಲ್ಲೇ ಕುಣಿಯದೆ ಬಂದದ್ದೇ ದೊಡ್ಡದು.

ಆದರೆ ಸಮಿತಿಯ ಮನಸ್ಸಿನಲ್ಲಿದ್ದವಳು ಪಂಜು ಎತ್ತಿ ಹಿಡಿದ, ಹದಿನಾರು ಅಡಿ ಎತ್ತರದ ಒಬ್ಬ ಸುಂದರಿ. ಅಧ್ಯಕ್ಷರು ನಿವೃತ್ತ ಎಂಜಿನಿಯರು. ಜೇಬಿನಲ್ಲಿ ಸದಾ ಅಳತೆಯ ಟೇಪು ಇಟ್ಟುಕೊಂಡು ಕಂಡದ್ದನ್ನೆಲ್ಲ ಅಳೆಯುತ್ತಿದ್ದುದರಿಂದ ಬೆನ್ನ ಹಿಂದೆ ಅವರು ಟೇಪಣ್ಣ. ಎತ್ತರ ಕಡಿಮೆಯಾದರೆ ಗೌರವವೂ ಕಡಿಮೆಯಾಗುತ್ತದೆ ಎಂಬುದು ಅವರ ನಂಬಿಕೆ.

ಜಪ್ಪಯ್ಯ ಅಂದರೂ ಶಿಲ್ಪಿ ಒಪ್ಪಲಿಲ್ಲ. ಈ ಊರಿನಲ್ಲಿ ಹಕ್ಕು ಬಂದದ್ದು ಪಂಜು ಹಿಡಿದಲ್ಲ, ಬೆಂಚಿನ ಮೇಲೆ ಕೂತು ಎಂದು ವಾದಿಸಿದಳು. ಅವಳಿಗೆ ಅದು ಮನೆಯ ಕಥೆ. ಅವಳನ್ನು ಸಾಕಿದ ಸೋದರತ್ತೆ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಇನ್ನು ನಾಲ್ವರು ಹೆಂಗಸರ ಜೊತೆ ದೊಡ್ಡ ಅಧಿಕಾರಿಯ ಕಚೇರಿಯ ಹೊರಗಿನ ಬೆಂಚಿನಲ್ಲಿ ಕೂತಿದ್ದರು, ತಮ್ಮ ಅರ್ಜಿ ತೆಗೆದುಕೊಳ್ಳುವವರೆಗೂ ಏಳುವುದಿಲ್ಲವೆಂದು. ಏಳಿಸಲು ಜವಾನ ಬಂದ, ಗುಮಾಸ್ತ ಬಂದ, ಪೊಲೀಸರು ಬಂದರು, ಕೊನೆಗೆ ಅವರವರ ಗಂಡಂದಿರೂ ಬಂದರು. ಹದಿನೇಳನೆಯ ದಿನ ಅಧಿಕಾರಿ ತಾನೇ ಹೊರಬಂದು ಅರ್ಜಿಗೆ ಕೈಚಾಚಿದ.

ಸಮಿತಿ ಮೂಗು ಮುರಿಯುತ್ತಲೇ ಒಂದು ಷರತ್ತು ಹಾಕಿತು. ಕಂಚಿನಲ್ಲಿ ಎರಕ ಹೊಯ್ಯುವ ಮೊದಲು ಮಣ್ಣಿನಲ್ಲಿ ಮಾಡಿ ತೋರಿಸಬೇಕು. ಹಿಡಿಸದಿದ್ದರೆ ಪಂಜಿನವಳೇ ಗತಿ, ಅದನ್ನು ಮಾಡಿಕೊಡಲು ಬೇರೊಬ್ಬರು ತಯಾರಾಗಿದ್ದರು.

ನಾಲ್ಕು ತಿಂಗಳು ಶಿಲ್ಪಿ ತನ್ನ ಶೆಡ್ಡಿನಲ್ಲಿ ಮಣ್ಣು ಮೆತ್ತಿದಳು. ಉದ್ದನೆಯ ಬೆಂಚು, ಅದರ ಮೇಲೆ ಆಳೆತ್ತರದ ನಾಲ್ವರು. ಒಬ್ಬಳು ಬಟಾಣಿ ಸುಲಿಯುತ್ತಿದ್ದಾಳೆ, ಒಬ್ಬಳು ಚಪ್ಪಲಿ ಬಿಚ್ಚಿ ಪಾದ ಒತ್ತಿಕೊಳ್ಳುತ್ತಿದ್ದಾಳೆ, ಒಬ್ಬಳಿಗೆ ತೂಕಡಿಕೆ, ಒಬ್ಬಳ ಮಡಿಲಲ್ಲಿ ಅರ್ಜಿಯ ಸುರುಳಿ. ಐದನೆಯವರು ಮಾತ್ರ ಒಪ್ಪಿರಲಿಲ್ಲ.

"ಬದುಕಿರೋವಾಗ್ಲೇ ನನ್ನನ್ನ ಕಂಚು ಮಾಡಿ ಕಾಗೆಗಳಿಗೆ ಕೊಡ್ತೀಯೇನೇ?" ಎಂದಿದ್ದರು ಅತ್ತೆ.

ಹಾಗಾಗಿ ನಡುವೆ ಒಬ್ಬರ ಜಾಗ ಖಾಲಿ ಉಳಿಯಿತು. ಒಮ್ಮೆ ಇಣುಕಿ ಹೋಗಿದ್ದ ಟೇಪಣ್ಣ ಅಲ್ಲೊಂದು ಹೂಕುಂಡ ಇಟ್ಟರೆ ಶೋಭಿಸುತ್ತದೆ ಎಂದು ಸಲಹೆ ಕೊಟ್ಟಿದ್ದರು. ಶಿಲ್ಪಿ ಹಲ್ಲು ಕಚ್ಚಿಕೊಂಡು ಮಣ್ಣು ಮೆತ್ತುತ್ತಲೇ ಇದ್ದಳು.

ತೀರ್ಮಾನದ ದಿನ ಬೆಳಿಗ್ಗೆ, ಸಮಿತಿಗಿಂತ ಮೊದಲೇ, ಎಂಬತ್ತೆಂಟರ ಅತ್ತೆ ಕೋಲೂರಿಕೊಂಡು ಬಂದರು. ಶಿಲ್ಪಿ ಮಣ್ಣು ಒಣಗದಂತೆ ಹೊದಿಸಿದ್ದ ಒದ್ದೆ ಬಟ್ಟೆಗಳನ್ನು ತೆಗೆದು ತೋರಿಸಿದಳು. ಅತ್ತೆ ಒಬ್ಬೊಬ್ಬರ ಮುಂದೆಯೂ ನಿಂತು ತಕರಾರು ತೆಗೆದರು. ಇವಳ ಮೂಗು ಇಷ್ಟು ನೆಟ್ಟಗಿರಲಿಲ್ಲ, ಇವಳು ಸುಲಿದ ಬಟಾಣಿಯಲ್ಲಿ ಅರ್ಧ ಬಾಯಿಗೇ ಹಾಕಿಕೊಳ್ಳುತ್ತಿದ್ದಳು. ಆಮೇಲೆ ನಾಲ್ವರನ್ನೂ ಒಟ್ಟಿಗೆ ನೋಡಿದರು. ನಾಲ್ವರಲ್ಲಿ ಯಾರೂ ಈಗ ಇಲ್ಲ. ಅತ್ತೆಯ ಕಣ್ಣು ತುಂಬಿ ಬಂತು, ಮೈ ತನ್ನ ಹಳೆಯ ಅಭ್ಯಾಸದಂತೆ ತನ್ನ ಜಾಗಕ್ಕೆ ಹೋಗಿ ಕೂತುಬಿಟ್ಟಿತು.

ನಲ್ಲಿಯ ಹತ್ತಿರ ಬಕೆಟ್ ತುಂಬುತ್ತಿದ್ದ ಶಿಲ್ಪಿ ತಿರುಗಿ ನೋಡಿದವಳೇ ನಲ್ಲಿ ನಿಲ್ಲಿಸದೆ ಓಡಿಬಂದಳು. ಬೆಂಚೆಂದರೆ ಹಲಗೆಯ ಮೇಲೆ ನಾಲ್ಕು ಬೆರಳು ದಪ್ಪ ಮೆತ್ತಿದ ಹಸಿ ಮಣ್ಣು. ಅತ್ತೆ ಅದರಲ್ಲಿ ಹೂತುಕೊಂಡು ಕೂತಿದ್ದರು. ಆಸರೆಗೆ ಊರಿದ ಕೈಯ ಐದು ಬೆರಳೂ ಒಳಗಿಳಿದಿದ್ದವು. ಹೊರಗೆ ಕಾರು ನಿಂತ ಸದ್ದಾಯಿತು.

"ಅತ್ತೆ, ಏಳಿ, ಅವರು ಬಂದೇಬಿಟ್ರು."

ಅಷ್ಟರಲ್ಲಿ ಟೇಪಣ್ಣ ಇಬ್ಬರು ಸದಸ್ಯರೊಂದಿಗೆ ಒಳಗೇ ಬಂದಿದ್ದರು. ಮುದುಕಿಯನ್ನು ನೋಡಿ ಗಡಿಯಾರ ನೋಡಿಕೊಂಡು, ಶಿಲ್ಪ ಪರಿಶೀಲಿಸಬೇಕಾಗಿದೆ, ದಯವಿಟ್ಟು ಏಳಬೇಕು ಎಂದು ವಿನಯದಿಂದಲೇ ಹೇಳಿದರು. ಪಾಪ, ಆ ಬೆಂಚಿನ ಮುಂದೆ ಆಡಬಾರದ ಮಾತು ಅದೊಂದೇ ಎಂದು ಅವರಿಗೇನು ಗೊತ್ತು. ಅತ್ತೆಯ ಬಾಗಿದ ಬೆನ್ನು ನೆಟ್ಟಗಾಯಿತು.

"ನೀವು ಒಪ್ಪಿಗೆ ಕೊಡೋವರೆಗೂ ನಾನು ಏಳೋದಿಲ್ಲ."

ಒಬ್ಬ ಸದಸ್ಯ ಶೆಡ್ಡಿನಲ್ಲಿದ್ದ ಒಂದೇ ಒಂದು ಸ್ಟೂಲನ್ನು ತಂದಿಟ್ಟ. ಅದರಲ್ಲಿ ನೀನೇ ಕೂತುಕೋ ಎಂದರು ಅತ್ತೆ. ಇನ್ನೊಬ್ಬ ಹಸಿ ಮಣ್ಣಿನಿಂದ ಶೀತವಾಗುತ್ತದೆ ಎಂದು ಹೆದರಿಸಿದ. ಶೀತವಾದರೆ ಮೂಗು ತಮ್ಮದು ಎಂದರು. ಶಿಲ್ಪಿ ಗೋಡೆಗೆ ಅಂಟಿಕೊಂಡು, ನಗಲೂ ಆಗದೆ ಅಳಲೂ ಆಗದೆ, ನಾಲ್ಕು ತಿಂಗಳ ದುಡಿಮೆ ಮಣ್ಣುಪಾಲಾಯಿತು ಎಂದುಕೊಳ್ಳುತ್ತಿದ್ದಳು. ಅರ್ಧ ಗಂಟೆ ಕಳೆಯಿತು. ನಿಂತು ನಿಂತು ಟೇಪಣ್ಣನ ಸೊಂಟ ಹಿಡಿದುಕೊಂಡಿತು. ಬೇರೆ ಮಾಡಲು ಕೆಲಸವಿಲ್ಲದೆ ಅವರು ಆ ಐವರನ್ನು, ನಾಲ್ವರು ಮಣ್ಣಿನವರು ಒಬ್ಬರು ಜೀವಂತ, ಸರಿಯಾಗಿ ನೋಡಿದರು.

"ಹದಿನೇಳು ದಿನ ಹೀಗೇ ಕೂತಿದ್ರಾ, ಅಮ್ಮಾ?"

"ಇವತ್ತು ಮೆತ್ತಗಿದೆಯಪ್ಪಾ. ಅವತ್ತು ಬರೀ ಹಲಗೆ."

ಟೇಪಣ್ಣ ಮೊದಲ ಬಾರಿಗೆ ಬಾಯ್ತುಂಬ ನಕ್ಕರು. ಫೈಲು ತೆಗೆದು, ಸ್ಟೂಲಿನ ಮೇಲಿಟ್ಟು, ರುಜು ಹಾಕಿದರು.

ಅತ್ತೆಯನ್ನು ಬಿಡಿಸಿ ಎಬ್ಬಿಸಲು ಮೂವರು ಬೇಕಾದರು. ಎದ್ದ ಮೇಲೆ ಅಲ್ಲಿ ಉಳಿದದ್ದು ಒಂದು ಆಳವಾದ ಗುಂಡಿ, ಬಟ್ಟೆಯ ನೆರಿಗೆ, ಪಕ್ಕದಲ್ಲಿ ಒಂದು ಅಂಗೈ. ಶಿಲ್ಪಿ ಸವರಿ ಸರಿಮಾಡಲು ಕರಣೆ ಎತ್ತಿದಳು. ಟೇಪಣ್ಣ ತಡೆದರು. ಜೇಬಿನಿಂದ ಟೇಪು ತೆಗೆದು ಗುಂಡಿಯ ಅಗಲ, ಆಳ ಬರೆದುಕೊಂಡು, ಕಂಚಿನಲ್ಲಿ ಇದು ಒಂದು ನೂಲೂ ಬದಲಾಗಕೂಡದು ಎಂದು ಅಪ್ಪಣೆ ಮಾಡಿದರು. ಹೂಕುಂಡದ ಸುದ್ದಿ ಅವರೂ ಎತ್ತಲಿಲ್ಲ, ಬೇರೆಯವರೂ ಎತ್ತಲಿಲ್ಲ.

ಸ್ಮಾರಕ ಅನಾವರಣಗೊಂಡ ವಾರದ ಮೇಲೆ, ಜನಜಂಗುಳಿ ಇಲ್ಲದ ಹೊತ್ತು ನೋಡಿ, ಅತ್ತೆ ತಮ್ಮ ಜಾಗದಲ್ಲಿ ಕೂರಬೇಕೆಂದು ಸೋದರಸೊಸೆಯ ಕೈ ಹಿಡಿದು ಹೊರಟರು. ಹೋಗಿ ನೋಡಿದರೆ ಅಲ್ಲಿ ಯಾರೋ ಒಬ್ಬ ಹೆಂಗಸು, ತರಕಾರಿ ಚೀಲವನ್ನು ಅರ್ಜಿಯವಳ ಕಾಲ ಬುಡದಲ್ಲಿಟ್ಟು, ಅಂಗೈ ಗುರುತಿನ ಮೇಲೆ ತನ್ನ ಅಂಗೈ ಇಟ್ಟುಕೊಂಡು, ಫೋನಿನಲ್ಲಿ ಯಾರಿಗೋ ಜೋರು ಮಾಡುತ್ತ ಆರಾಮವಾಗಿ ಕೂತಿದ್ದಳು. ಶಿಲ್ಪಿ ಕೇಳಿ ಏಳಿಸಲು ಮುಂದಾದಳು. ಅತ್ತೆ ಅವಳ ಕೈ ಜಗ್ಗಿದರು.

"ಕೂತಿರಲಿ ಬಿಡೇ. ಏಳಿಸೋಕೆ ಅವತ್ತು ಬಂದವರೇ ಸಾಕು."

ಹೀಗೆಂದು ಕೋಲೂರಿ, ತಮ್ಮ ಸರದಿಗೆ ಕಾಯುತ್ತ, ಖುಷಿಯಾಗಿ ನಿಂತುಕೊಂಡರು.