ಹಿಮ್ಮುಖ ನಡಿಗೆಯ ಅಯಾಶಿ

ಅಯಾಶಿ ಹಿಮ್ಮುಖವಾಗಿ ನಡೆಯುತ್ತಿದ್ದ. ಬೆನ್ನು ದಾರಿಗೆ, ಮುಖ ಜನಕ್ಕೆ. ಬಂದರಿನ ಬಾಗಿಲಿನಿಂದ ಕಸ್ಬಾ ಕೋಟೆಯವರೆಗೆ ಏರುವ, ಮೊರೊಕ್ಕೊದ ನಮ್ಮ ಟ್ಯಾಂಜಿಯರಿನ ಇಕ್ಕಟ್ಟಿನ ಓಣಿಗಳಲ್ಲಿ, ಪುದೀನದ ಹೊರೆ ಹೊತ್ತ ಕತ್ತೆಗಳನ್ನೂ, ಬೇಯಿಸದ ರೊಟ್ಟಿಯ ಹಲಗೆಯನ್ನು ತಲೆಯ ಮೇಲಿಟ್ಟು ಬೀದಿಯ ಒಲೆಗೆ ಹೊರಟ ಹೆಂಗಸರನ್ನೂ, ಮೆಟ್ಟಿಲ ಮೇಲೆ ಮೈಚಾಚಿದ ಬೆಕ್ಕುಗಳನ್ನೂ ಬೆನ್ನಿಗೇ ಕಣ್ಣಿದ್ದವನಂತೆ ತಪ್ಪಿಸಿಕೊಂಡು, ಎದುರಿಗೆ ಬರುವ ಪ್ರವಾಸಿಗರ ಗುಂಪಿಗೆ ಕೈಯಾಡಿಸಿ ಕತೆ ಹೇಳುತ್ತ ಅವನು ಏರಿಹೋಗುವುದನ್ನು ನಾನು ನನ್ನ ಮೆಟ್ಟಿನಂಗಡಿಯ ಜಗಲಿಯ ಮೇಲೆ ಕುಳಿತು ಅರ್ಧ ಆಯುಷ್ಯ ನೋಡಿದ್ದೇನೆ. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂದು ನಾವು ನಗುತ್ತಿದ್ದೆವು. ಆದರೆ ಮುಂದೆ ನೋಡಿ ನಡೆಯುವ ನಾವೆಲ್ಲ ಆ ಮೆಟ್ಟಿಲುಗಳಲ್ಲಿ ಒಮ್ಮೆಯಾದರೂ ಎಡವಿ ಬಿದ್ದವರು. ಅವನು ಬಿದ್ದದ್ದನ್ನು ಕಂಡವರಿಲ್ಲ.

ಅಭ್ಯಾಸ ಮನೆಯವರೆಗೂ ಹೋಗಿತ್ತು. "ಜಗಳ ಆಡಿ ಎದ್ದು ಹೋಗೋವಾಗ್ಲೂ ಮುಖ ಈ ಕಡೇನೇ ಅಣ್ಣಾ," ಎಂದು ಅವನ ಹೆಂಡತಿ ರಹ್ಮಾ ಒಮ್ಮೆ ನನ್ನೆದುರು ದೂರಿದ್ದಳು. "ಗಂಡ ಹೊರಟುಹೋದ್ನಲ್ಲಾ ಅಂತ ಒಂದು ಗಳಿಗೆ ನೆಮ್ಮದಿಯಾಗಿ ಅಳೋಣ ಅಂದ್ರೆ, ಬಾಗಿಲು ದಾಟೋವರೆಗೂ ನನ್ನನ್ನೇ ನೋಡ್ತಾ ಹೋಗ್ತಾರೆ. ನಗು ಬಂದ್ಬಿಡುತ್ತೆ."

ಅವನ ಮೈಮೇಲೆ ಬೇಸಿಗೆ ಚಳಿಗಾಲ ಎನ್ನದೆ ಒಂದೇ ಕಂದು ಉಣ್ಣೆಯ ಜಲ್ಲಾಬಾ ನಿಲುವಂಗಿ. ಬೆನ್ನ ಮೇಲೆ ಜೋತುಬಿದ್ದ ಅದರ ಕುಲಾವಿ ತಲೆಗೆ ಏರಿದ್ದು ಕಡಿಮೆ; ಅದು ಅವನ ಭಂಡಾರ. ಅರ್ಧ ರೊಟ್ಟಿ, ಆಲಿವ್ ಕಾಯಿಯ ಪೊಟ್ಟಣ, ಯಾರೋ ಬಸ್ಸಿನಲ್ಲಿ ಬಿಟ್ಟ ಕೈಗವಸು, ಯಾವುದೋ ಮಗುವಿನ ಗೊಂಬೆ, ಎಲ್ಲವೂ ಅಲ್ಲಿ. ತಲೆಯ ಮೇಲೆ ನಮ್ಮ ಜಬಾಲ ಗುಡ್ಡದವರು ತೊಡುವ ಅಗಲ ಅಂಚಿನ ಹುಲ್ಲಿನ ಟೋಪಿ, ಸುತ್ತ ನೀಲಿ ಉಣ್ಣೆಯ ಕುಚ್ಚುಗಳು. ಬೇರೆ ಮಾರ್ಗದರ್ಶಿಗಳು ಬಾವುಟ ಹಿಡಿದರೆ ಇವನು ಆ ಟೋಪಿಯನ್ನೇ ಕೋಲಿನ ತುದಿಗೆ ಸಿಕ್ಕಿಸಿ ಎತ್ತಿ ಹಿಡಿಯುತ್ತಿದ್ದ. ಎದೆಯ ಮೇಲೆ ಮಾರ್ಗದರ್ಶಿಯ ಹಿತ್ತಾಳೆ ಬಿಲ್ಲೆ ತೂಗುತ್ತಿತ್ತು. ರಹ್ಮಾ ಅದನ್ನು ಪ್ರತಿ ಶುಕ್ರವಾರ ನಿಂಬೆಹಣ್ಣಿನಿಂದ ಉಜ್ಜುತ್ತಿದ್ದಳು.

ಬೆಳಿಗ್ಗೆ ಸ್ಪೇನಿನ ದಡದಿಂದ ಹಡಗು ಬರುತ್ತಿತ್ತು, ಸಂಜೆ ಮರಳುತ್ತಿತ್ತು. ನಡುವಿನ ಒಂದು ಹಗಲಿನಲ್ಲಿ ಅಯಾಶಿ ಅವರಿಗೆ ಎರಡು ಊರು ತೋರಿಸಬೇಕು: ಬಸ್ಸಿನಲ್ಲಿ ಅಸೀಲಾಕ್ಕೆ ಕರೆದೊಯ್ದು ಕಡಲಿಗೆ ಎದೆಯೊಡ್ಡಿ ನಿಂತ ಅಲ್ಲಿನ ಹಳೆಯ ಕೋಟೆ, ಮರಳಿ ಬಂದು ನಮ್ಮ ಓಣಿಗಳು. ಕೋಟೆಯ ಗೋಡೆಯ ಮೇಲೆ ನಿಂತು ಅವನು ಹೇಳುತ್ತಿದ್ದ ಮಾತು ನನಗೆ ಬಾಯಿಪಾಠ. "ಇದನ್ನ ಕಟ್ಟಿದ್ದು ಪೋರ್ಚುಗೀಸರು ತಾಯಿ, ಸುಳ್ಳು ಹೇಳಲ್ಲ. ಆದ್ರೆ ಆವತ್ತಿನಿಂದ ಇವತ್ತಿನವರೆಗೆ ಗುಡಿಸಿದ್ದು ನಮ್ಮ ಅಜ್ಜಿಯರು. ಈಗ ನೀವೇ ಹೇಳಿ, ಈ ಕೋಟೆ ಯಾರದು?" ಜನ ನಕ್ಕ ಮೇಲೆ, ಪ್ರತಿ ಕತೆಯ ಕೊನೆಗೂ ಹಚ್ಚುತ್ತಿದ್ದ ಮುದ್ರೆಯನ್ನು ಇಲ್ಲಿಗೂ ಹಚ್ಚುವನು: "ದೇವರೇ ಬಲ್ಲ. ಅವನ ಬಿಟ್ಟರೆ ನಾನು."

ಅವನು ಜನರ ತಲೆ ಎಣಿಸುತ್ತಿರಲಿಲ್ಲ. ಮನುಷ್ಯರನ್ನು ಬಾಯಿಬಿಟ್ಟು ಎಣಿಸಿದರೆ ದೃಷ್ಟಿ ತಾಗುತ್ತದೆಂಬುದು ನಮ್ಮಲ್ಲಿ ಎಲ್ಲರ ನಂಬಿಕೆ. ಎಣಿಸುವುದು ಕುರಿಗಳನ್ನು, ಅದೂ ಮಾರುವ ದಿನ. ಬದಲಿಗೆ ಅಯಾಶಿ ಅವರ ಮೆಟ್ಟುಗಳನ್ನು ಗುರುತಿಟ್ಟುಕೊಳ್ಳುತ್ತಿದ್ದ. ಅವನ ಅಪ್ಪ ಮೆಟ್ಟು ಹೊಲಿಯುವವನು, ಹುಟ್ಟಿನಿಂದ ಅವನ ಕಣ್ಣು ಮೊದಲು ಬೀಳುವುದು ಕಾಲಿನ ಮೇಲೆಯೇ. ಹಡಗಿನಿಂದ ಇಳಿಯುವಾಗ ಒಮ್ಮೆ ನೋಡಿದರೆ ಸಂಜೆಯ ತನಕ ಮರೆಯುತ್ತಿರಲಿಲ್ಲ: ಕೆಂಪು ಕ್ಯಾನ್ವಾಸು, ಹರಿದ ಚಪ್ಪಲಿ, ಎತ್ತರ ಹಿಮ್ಮಡಿಯ ಮೊಂಡುಗಾತಿ. ಯಾರ ಹೆಸರನ್ನೂ ಅವನು ಕೇಳಿದವನಲ್ಲ, ಯಾರನ್ನೂ ಈ ದಡದಲ್ಲಿ ಬಿಟ್ಟವನೂ ಅಲ್ಲ. "ಬಂದ ಕಾಲು ಎಲ್ಲಾ ವಾಪಸ್ಸು ಹತ್ತಬೇಕು ಮಾರಾಯ. ಅತಿಥಿಯ ಒಂದು ಗುಂಡಿ ಕೂಡ ಇಲ್ಲಿ ಉಳೀಬಾರ್ದು," ಎನ್ನುತ್ತಿದ್ದ. ಅವನ ಮಾನವೆಲ್ಲ ಆ ಮಾತಿನಲ್ಲಿತ್ತು.

ಇನ್ನು ಅವನ ಹಠದ ಮಾತು. ಹಡಗಿನಿಂದ ಇಳಿದವರಿಗೆ ಅವನು ಸ್ವಾಗತ ಹೇಳುವ ಮೊದಲೇ ಒಂದು ಪ್ರಶ್ನೆ ಕೇಳುತ್ತಿದ್ದ: "ಕಡಲಿನಿಂದ ನಮ್ಮೂರು ಹೇಗೆ ಕಾಣಿಸ್ತು?" ಉಪಚಾರಕ್ಕಲ್ಲ, ನಿಜವಾಗಿ ತಿಳಿಯಬೇಕೆಂದು, ಬಾಯಿ ತೆರೆದು ನಿಂತು ಕೇಳುತ್ತಿದ್ದ. ಕೆಲವರು ಚಂದ ಎಂದರು, ಕೆಲವರು ಬಿಳಿ ಎಂದರು, ಒಂದು ಹುಡುಗಿ ಸಕ್ಕರೆ ಚೆಲ್ಲಿದ ಹಾಗಿತ್ತು ಎಂದಳು. ಆ ಸಕ್ಕರೆಯ ಮಾತನ್ನು ಅವನು ವಾರಗಟ್ಟಲೆ ಚಹಾದಂಗಡಿಯಲ್ಲಿ ಎಲ್ಲರಿಗೂ ಹಂಚಿದ. ಕಾರಣವಿಷ್ಟೆ: ದಿನವೂ ಹಡಗನ್ನು ಬರಮಾಡಿಕೊಂಡು ಬೀಳ್ಕೊಡುವ ಈ ಮನುಷ್ಯ ಒಮ್ಮೆಯೂ ಅದನ್ನು ಹತ್ತಿರಲಿಲ್ಲ. ಹತ್ತಬಹುದಾಗಿದ್ದ ಕಾಲದಲ್ಲಿ, ಎದುರಿಗೇ ಇದೆಯಲ್ಲ, ಯಾವಾಗ ಬೇಕಾದರೂ ಹೋದರಾಯಿತು ಎಂದು ಬಿಟ್ಟ; ಹಿತ್ತಲ ಗಿಡ ಮದ್ದಲ್ಲ. ಆಮೇಲೆ ಒಂದು ವರ್ಷ ಆ ದಡದವರು ವೀಸಾ ಇಲ್ಲದೆ ಮೊರೊಕ್ಕೊದವರು ಯಾರೂ ಬರಕೂಡದೆಂದು ಕಾನೂನು ಮಾಡಿದರು. ಅವನು ಅರ್ಜಿ ಹಾಕಿದ, ಕಾರಣವೇನೆಂದು ಕೇಳಿದರಂತೆ. "ನಮ್ಮೂರನ್ನ ನೋಡೋಕೆ ಅಂದೆ. ಹುಚ್ಚ ಅಂದ್ಕೊಂಡ್ರು," ಎಂದು ನಕ್ಕ. ಮೀನುಗಾರರು ತಮ್ಮ ದೋಣಿಗೆ ಕರೆದರೆ ಒಪ್ಪಲಿಲ್ಲ. ಅತಿಥಿಗಳು ನೋಡುವ ಹಾಗೆ, ಹಡಗಿನ ಮೇಲಟ್ಟದಿಂದಲೇ ನೋಡಬೇಕು, ಇಲ್ಲವಾದರೆ ಬೇಡ. ಆ ನಗುವಿನ ಹಿಂದೆ ಎಷ್ಟು ದೊಡ್ಡ ಆಸೆಯಿತ್ತೆಂದು ನನಗೆ ಗೊತ್ತಿತ್ತು.

ಒಂದು ವಸಂತದಲ್ಲಿ ರೆಮೆದಿಯೋಸ್ ಎಂಬ ಮುದುಕಿ ಬಂದರು. ಆ ದಡದ ಯಾವುದೋ ಹಳ್ಳಿಯವರು, ಬಿಗಿಯಾದ ಕಂದು ದಾರದ ಬೂಟಿನಲ್ಲಿ ಇಡೀ ದಿನ ಕುಂಟಿದ್ದರು. ಸಂಜೆ ನನ್ನಂಗಡಿಯಲ್ಲಿ ಕುಳಿತು ಬೂಟು ಕಳಚಿದಾಗ ಪಾದಗಳು ಊದಿ ಕೆಂಪಾಗಿದ್ದವು. ನಮ್ಮ ಹಿಮ್ಮಡಿಯಿಲ್ಲದ ಹಳದಿ ಮೆಟ್ಟು ತೊಡಿಸಿದೆ. ಕಣ್ಣು ಮುಚ್ಚಿ ಒಂದು ಉಸಿರು ಬಿಟ್ಟರು. "ಆ ಬೂಟು ಇಲ್ಲೇ ಇರ್ಲಿ ಮಗಾ. ಸಾಯೋವರೆಗೂ ಕಚ್ಚಿಸ್ಕೊಳ್ಳೋ ಹಣೆಬರಹ ನನಗೇನಿದೆ?" ಎಂದು ಗುಂಪಿನ ಜೊತೆ ಬಂದರಿಗೆ ಇಳಿದುಹೋದರು.

ಸ್ವಲ್ಪ ಹೊತ್ತಿಗೆ ಅಯಾಶಿ ಏದುಸಿರು ಬಿಡುತ್ತ ಬಂದ. ಹಡಗಿನ ಏಣಿಯ ಬುಡದಲ್ಲಿ ನಿಂತು ನೋಡಿದ್ದಾನೆ; ಎಲ್ಲರ ಕಾಲೂ ಹತ್ತಿದೆ, ಕಂದು ದಾರದ ಬೂಟು ಮಾತ್ರ ಹತ್ತಿಲ್ಲ. ಎದೆಯ ಮೇಲೆ ಕೈಯಿಟ್ಟು ಹಡಗಿನವರನ್ನು ತಾಳಿರೆಂದು ಬೇಡಿ ಓಡಿ ಬಂದಿದ್ದಾನೆ. ಮುಖ ಸುಣ್ಣವಾಗಿತ್ತು.

"ಕಂದು ಬೂಟಿನಮ್ಮ ಎಲ್ಲಿ?"

"ಆಗ್ಲೇ ಹೋದ್ರಲ್ಲೋ, ಹಳದಿ ಮೆಟ್ಟು ಹಾಕ್ಕೊಂಡು. ನಿನ್ನ ಮುಂದೇನೇ ಹತ್ತಿರ್ತಾರೆ. ಅವರ ಮುಖ ನೋಡಿಲ್ವಾ?"

"ಮುಖ ಯಾರು ನೋಡ್ತಾರೆ ಮಾರಾಯ!" ಎಂದು ನಿಟ್ಟುಸಿರು ಬಿಟ್ಟ. ಅಷ್ಟರಲ್ಲಿ ಜಗಲಿಯ ಕೆಳಗಿನ ಬೂಟು ಕಣ್ಣಿಗೆ ಬಿತ್ತು. "ಅಯ್ಯೋ, ಮರೆತು ಹೋಗಿದ್ದಾರೆ!"

"ಮರೆತಿದ್ದಲ್ಲ, ಬೇಕಂತ—" ನನ್ನ ಮಾತು ಗಾಳಿಗೆ ಹೋಯಿತು. ಅಯಾಶಿ ಬೂಟುಗಳನ್ನು ಎದೆಗವಚಿಕೊಂಡು, ಎದ್ದೆನೋ ಬಿದ್ದೆನೋ ಎಂದು, ಮುಖವನ್ನು ಮುಂದಕ್ಕೆ ಮಾಡಿ ಓಡಿದ. ನಮ್ಮ ಬೀದಿ ಅವನ ಬೆನ್ನನ್ನು ಕಂಡದ್ದು ಅದೇ ಮೊದಲು. ಅಂಗಡಿಯವರು ಏನು ಅನಾಹುತವೋ ಎಂದು ಹೊರಗೆ ಬಂದು ನಿಂತರು.

ಮುಂದಿನದನ್ನು ಬಂದರಿನವರು ಹೇಳಿದರು. ಏಣಿಯ ಬಳಿಯಿದ್ದ ಪೊಲೀಸನಿಗೆ ಅವನು ಪರಿಚಿತ. "ಬೇಗ ಕೊಟ್ಟು ಇಳಿದು ಬಾ ಸಿ ಅಯಾಶಿ" ಎಂದು ಮರ್ಯಾದೆಯ 'ಸಿ' ಹಚ್ಚಿಯೇ ಹೇಳಿದ. ಇವನು ಮೇಲಟ್ಟಕ್ಕೆ ಹತ್ತಿ, ಸಾಲು ಸಾಲು ಕಾಲುಗಳ ನಡುವೆ ಹಳದಿ ಮೆಟ್ಟು ಹುಡುಕಿ, ಮುದುಕಿಯ ಮುಂದೆ ಬೂಟು ಇಟ್ಟ. ಆಕೆ ನೋಡಿದರು, ಹೊಟ್ಟೆ ಹಿಡಿದು ನಕ್ಕರು. "ಬಿಟ್ಟು ಬಂದ ಗಂಡನ್ನ ಮತ್ತೆ ತಂದು ಕೂರಿಸಿದ ಹಾಗಾಯ್ತಲ್ಲೋ!" ಆ ನಗು ಮುಗಿಯುವ ಮೊದಲೇ ಹಡಗು ಕೂಗಿತು, ಏಣಿ ಮೇಲೆದ್ದಿತು. ಆಗಲೇ ತಡವಾಗಿದ್ದ ಹಡಗು ಇನ್ನು ಯಾರಿಗೂ ಕಾಯುವಂತಿರಲಿಲ್ಲ.

ಆ ದಡದ ಪೊಲೀಸರು ಅವನನ್ನು ಇಳಿಯಲು ಬಿಡಲಿಲ್ಲ. ಮರುದಿನ ಬೆಳಿಗ್ಗೆ ಅದೇ ಹಡಗಿನಲ್ಲಿ ಬಂದ. ಇಲ್ಲಿನವರು ಗದರಿಸಿ, ಕಾಗದಪತ್ರವಿಲ್ಲದೆ ಗಡಿ ದಾಟಿದ್ದಕ್ಕಾಗಿ ಹಿತ್ತಾಳೆ ಬಿಲ್ಲೆಯನ್ನು ಕಿತ್ತಿಟ್ಟುಕೊಂಡರು. ಅವನು ನೇರ ನನ್ನಂಗಡಿಗೆ ಬಂದು ಕುಳಿತ. ಪುದೀನ ಚಹಾ ಬಗ್ಗಿಸಿ ಕೊಟ್ಟು, ಬಿಲ್ಲೆಯ ವಿಷಯ ಎತ್ತಲಾರದೆ, ಅವನು ಎಲ್ಲರನ್ನೂ ಕೇಳಿದ್ದನ್ನೇ ಕೇಳಿದೆ. "ಹೇಗೆ ಕಾಣಿಸ್ತೋ ನಮ್ಮೂರು?"

"ದೇವರೇ ಬಲ್ಲ," ಎಂದ. ಮಾತಿನ ಉಳಿದರ್ಧ ಬರಲಿಲ್ಲ. ಲೋಟವನ್ನು ಕೆಳಗಿಟ್ಟ.

"ಚಂದ ಇದೆ ಮಾರಾಯ. ಅವರು ಹೇಳಿದ್ದೆಲ್ಲಾ ನಿಜ. ಸಕ್ಕರೆ ಚೆಲ್ಲಿದ ಹಾಗೇ. ಆದ್ರೆ ಒಂದು ಮಾತು ಯಾರೂ ಹೇಳಿರ್ಲಿಲ್ಲ. ಅಲ್ಲಿಂದ ಒಬ್ಬ ಮನುಷ್ಯನೂ ಕಾಣಲ್ಲ. ನಾನು, ನೀನು, ರಹ್ಮಾ, ಒಲೆಯವನು, ಯಾರೂ ಇಲ್ಲ. ಖಾಲಿ ಗೋಡೆ." ಕಣ್ಣೊರೆಸಿಕೊಂಡ. "ಇಷ್ಟು ವರ್ಷ ಅದನ್ನ ಚಂದ ಅಂದಾಗೆಲ್ಲಾ ನಾನು ಹಿಗ್ಗಿದ್ನಲ್ಲೋ."

ಬಿಲ್ಲೆಯಿಲ್ಲದೆ ಗುಂಪು ಕರೆದೊಯ್ಯುವಂತಿಲ್ಲ. ಅಸೀಲಾದ ಗೋಡೆಯ ಮೇಲೆ ಬೇರೆ ಯಾರೋ ಬಾವುಟ ಹಿಡಿದು ಬೇರೇನೋ ಹೇಳಿದರು. ಮನೆಯಲ್ಲಿ ಕೊರಗಿ ಕೂರುತ್ತಾನೆಂದು ನಾವೆಲ್ಲ ಅಂದುಕೊಂಡೆವು. ಆದರೆ ಮರುದಿನದಿಂದಲೇ, ಹಡಗು ಬರುವಾಗಲೂ ಹೋಗುವಾಗಲೂ, ಅಯಾಶಿ ಮೀನುಗಾರರು ಗಾಳ ಹಾಕುವ ಅಲೆತಡೆ ಗೋಡೆಯ ತುತ್ತತುದಿಯಲ್ಲಿ ನಿಂತು ಹುಲ್ಲಿನ ಟೋಪಿಯನ್ನು ತಲೆಯ ಮೇಲೆತ್ತಿ ಬೀಸತೊಡಗಿದ. ಗಾಳಿಯಿರಲಿ, ತುಂತುರಿರಲಿ, ಹಡಗು ಸರಿದುಹೋಗುವವರೆಗೆ ಬೀಸುವನು. ಬಂದರಿನ ಕೂಲಿಗಳು "ಸಿ ಅಯಾಶಿ, ಯಾರು ಹೊರಟಿದ್ದಾರೆ, ನಿಮ್ಮತ್ತೆಯಾ?" ಎಂದು ಕುಟುಕಿದರು. ರಹ್ಮಾ ಮಾತ್ರ ಟೋಪಿಯ ಉದುರಿದ ಕುಚ್ಚುಗಳನ್ನು ಮತ್ತೆ ಹೊಲಿದುಕೊಟ್ಟಳು. ಈ ಸಲ ಕೆಂಪು ಉಣ್ಣೆಯಲ್ಲಿ, ದೂರಕ್ಕೆ ಕಾಣಲೆಂದು.

ಮುಂದಿನ ವಸಂತದಲ್ಲಿ ರೆಮೆದಿಯೋಸ್ ಮತ್ತೆ ಬಂದರು, ಅದೇ ಹಳದಿ ಮೆಟ್ಟು ಸವೆಸಿಕೊಂಡು. ಹೊಸ ಜೋಡಿ ತೊಡಿಸುತ್ತ, ಸ್ನೇಹಿತನ ಪರವಾಗಿ, ಅಭ್ಯಾಸಬಲದಿಂದ ನಾನೇ ಕೇಳಿದೆ: "ಕಡಲಿನಿಂದ ನಮ್ಮೂರು ಹೇಗೆ ಕಾಣಿಸ್ತು ಅಮ್ಮಾ?"

"ಊರನ್ನ ಯಾರು ನೋಡಿದ್ರು?" ಎಂದರು. "ಗೋಡೆ ತುದೀಲಿ ಒಬ್ಬ ಟೋಪಿ ಬೀಸ್ತಾ ಇದ್ದ. ಹಡಗಿನವರೆಲ್ಲಾ ಅವನಿಗೇ ಕೈ ಬೀಸಿದ್ವಿ. ನಾನು ಇಳಿಯೋವರೆಗೂ ಅವನನ್ನೇ ನೋಡ್ತಾ ಬಂದೆ. ದೂರಕ್ಕೆ ಮುಖ ಕಾಣ್ಲಿಲ್ಲ. ಯಾರು ಮಗಾ ಅವನು?"

ನಾನು ಅಂಗಡಿ ಹಾಗೇ ಬಿಟ್ಟು ಗೋಡೆಯ ತುದಿಗೆ ಹೋಗಿ ಅವನಿಗೆ ಆ ಮಾತು ಒಪ್ಪಿಸಿದೆ. ಅವನು ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡ. ಆಮೇಲೆ ಕಡಲಿಗೆ ಮುಖ ಮಾಡಿಕೊಂಡೇ, ಒಂದೊಂದಾಗಿ ಹೆಜ್ಜೆ ಹಿಂದಿಡುತ್ತ, ಇಡೀ ಗೋಡೆಯುದ್ದಕ್ಕೂ ಊರಿನ ಕಡೆಗೆ ನಡೆದು ಬಂದ. ಬಿಲ್ಲೆ ಮರುವರ್ಷ ಮರಳಿ ಸಿಕ್ಕಿತು, ಗುಂಪುಗಳೂ ಸಿಕ್ಕವು. ಆ ಪ್ರಶ್ನೆಯನ್ನು ಮಾತ್ರ ಅವನು ಮತ್ತೆ ಯಾರಿಗೂ ಕೇಳಲಿಲ್ಲ.

ಈಗ ಅಯಾಶಿ ಇಲ್ಲ. ಹಡಗುಗಳು ಹೆಚ್ಚು ವೇಗದವು, ಬಾವುಟಗಳು ಹೆಚ್ಚು ಬಣ್ಣದವು, ಕತೆಗಳು ಚಿಕ್ಕವಾಗಿವೆ. ಪರರಿಗೆ ಊರು ತೋರಿಸಿ ಬದುಕುವವರ ಕುಲವೇ ವಿಚಿತ್ರ: ತಾವು ಹೋಗುವ ದಾರಿಗೆ ಬೆನ್ನು ಹಾಕಿ, ಬಂದವರ ಕಣ್ಣಿನಲ್ಲಿ ತಮ್ಮ ಮನೆಯನ್ನು ಹುಡುಕುತ್ತ ಆಯುಷ್ಯ ಕಳೆಯುತ್ತಾರೆ. ಗೋಡೆ, ಗೋಪುರ, ಕೋಟೆಗಳತ್ತ ಬೆರಳು ಮಾಡಿ ಅದು ನೋಡಿ, ಇದು ನೋಡಿ ಎನ್ನುತ್ತಾರೆ. ನಮ್ಮನ್ನೂ ಒಮ್ಮೆ ನೋಡಿ ಎಂದು ಬಾಯಿಬಿಟ್ಟು ಕೇಳಲು ನಾಚುತ್ತಾರೆ. ಸಂಜೆಯ ಹಡಗು ಕೂಗಿದಾಗ ಗೋಡೆಯ ತುದಿ ಈಗ ಖಾಲಿಯಿರುತ್ತದೆ. ನಾನು ಜಗಲಿಯ ಮೇಲೆ ಎದ್ದು ನಿಂತು, ಅಲ್ಲಿಂದ ಕಾಣುವುದಿಲ್ಲವೆಂದು ತಿಳಿದೂ, ಕೈಯಲ್ಲಿರುವ ಮೆಟ್ಟನ್ನು ಕೆಳಗಿಟ್ಟು ಒಮ್ಮೆ ಕೈ ಬೀಸುತ್ತೇನೆ.