ಮೂರು ಗಂಟೆಯ ಮನೆ

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದ ಹಿರಿಯರು ಮನೆ ಮಾರಿ ನೋಡು ಎನ್ನುವುದನ್ನು ಮರೆತುಬಿಟ್ಟರು. ನಾನು ಇಪ್ಪತ್ತಾರು ವರ್ಷದಿಂದ ಮಾರಿ ನೋಡುತ್ತಿದ್ದೇನೆ. ಆಫೀಸಿನಲ್ಲಿ ನನ್ನನ್ನು ಎಲ್ಲರೂ ಕರೆಯುವುದು 'ಹತ್ತು ಗಂಟೆ ಅಕ್ಕ' ಎಂದು. ಗಿರಾಕಿಗಳಿಗೆ ನಾನು ಮನೆ ತೋರಿಸುವುದು ಹೆಚ್ಚಾಗಿ ಬೆಳಿಗ್ಗೆ ಹತ್ತಕ್ಕೆ. ಮನುಷ್ಯರಿಗೆ ಇರುವ ಹಾಗೆ ಪ್ರತಿ ಮನೆಗೂ ಒಂದು ಒಳ್ಳೆಯ ಹೊತ್ತು, ಒಂದು ಕೆಟ್ಟ ಹೊತ್ತು ಇರುತ್ತದೆ. ಅದು ಗೊತ್ತಿದ್ದವನೇ ದಲ್ಲಾಳಿ, ಮಿಕ್ಕವರೆಲ್ಲ ಬರೀ ಬೀಗ ತೆಗೆಯುವವರು. ಅರ್ಧ ಗಂಟೆ ಮೊದಲೇ ಹೋಗಿ ಕಿಟಕಿ ತೆರೆದು, ನಲ್ಲಿ ಬಿಟ್ಟು ಬಚ್ಚಲಿನ ವಾಸನೆ ಕಳೆದು, ಬಿಸಿಲಿನ ಕಡೆಯ ಕೋಣೆಯ ಬಾಗಿಲನ್ನು ಅರ್ಧ ಮುಂದೆ ಮಾಡಿ ನಗುತ್ತಾ ನಿಲ್ಲುತ್ತಿದ್ದೆ. ಯಾವ ಮನೆಯನ್ನು ಯಾವಾಗ ತೋರಿಸಬಾರದು ಎಂಬುದನ್ನು ಕಪ್ಪು ರಟ್ಟಿನ ಪುಸ್ತಕದಲ್ಲಿ ಬರೆದಿಡುತ್ತಿದ್ದೆ. 'ಮೂರನೇ ಮಹಡಿ, ಹಿಂಬದಿ: ಸಂಜೆ ಬೇಡ, ಬೇಕರಿಯ ಹೊಗೆ.' ಹೀಗೆ.

ಅಂಥ ನನ್ನನ್ನು ನಮ್ಮ ಬಾಸು ಪಾಠ ಕಲಿಯಲು ಕಳಿಸಿದರು.

"ಹಸಿರು ಕಟ್ಟಡದ ತರಬೇತಿ. ಆರು ಶನಿವಾರ," ಎಂದರು. "ಸರ್ಟಿಫಿಕೇಟ್ ಇಲ್ದೋರಿಗೆ ಹೊಸ ಬಿಲ್ಡಿಂಗಿನ ಬೀಗದ ಕೈ ಕೊಡಲ್ವಂತೆ."

"ಐವತ್ತೆಂಟನೇ ವಯಸ್ಸಲ್ಲಿ ನನ್ನನ್ನ ಬೆಂಚಿನ ಮೇಲೆ ಕೂರಿಸ್ತೀರಾ? ನಾನು ಕಲಿಸಿದ ಕೆಲಸ ಮಾಡ್ಕೊಂಡೇ ತಾನೇ ನೀವು ಬಾಸ್ ಆಗಿದ್ದು?"

"ಅದಕ್ಕೇ ಹೇಳ್ತಿದೀನಿ ಅಕ್ಕ. ನೀವು ಹೋದ್ರೆ ಮಿಕ್ಕವರು ಬಾಯಿ ಮುಚ್ಕೊಂಡು ಹೋಗ್ತಾರೆ."

ಹಸಿರು ಕಟ್ಟಡದ ಪಾಠ ನಡೆದದ್ದು ಎಲ್ಲಿ ಅಂತೀರಿ? ಕಿಟಕಿಯೇ ಇಲ್ಲದ ನೆಲಮಾಳಿಗೆಯಲ್ಲಿ! ಹಾಡಹಗಲೇ ಹನ್ನೆರಡು ಟ್ಯೂಬ್‌ಲೈಟು, ನಡುಗಿಸುವ ಏಸಿ. ಟೀಚರ್ ಎಂದು ಬಂದದ್ದು ನನ್ನ ಮಗಳಾಗುವಷ್ಟು ವಯಸ್ಸಿನ ಒಬ್ಬ ಇಂಜಿನಿಯರ್ ಹುಡುಗಿ. ಬಂದವಳೇ, "ಈ ರೂಮಿಗೆ ನಾನೇ ಸೊನ್ನೆ ಮಾರ್ಕ್ಸ್ ಕೊಡ್ತೀನಿ, ಬೇರೆ ಸಿಗಲಿಲ್ಲ," ಎಂದಳು. ಆಗಲೇ ನನಗೆ ಅವಳು ಸ್ವಲ್ಪ ಹಿಡಿಸಿದಳು. ನನ್ನ ಪಕ್ಕದವನು "ಬಾಗಿಲಲ್ಲಿ ನಾಲ್ಕು ಕುಂಡ ಇಟ್ರೆ ಹಸಿರು ಆಗಲ್ವಾ ಮೇಡಂ?" ಎಂದು ಕೇಳಿದ. "ಆಗುತ್ತೆ ಸರ್, ಕುಂಡ ಹಸಿರಾಗುತ್ತೆ," ಎಂದಳು.

ಬಿಸಿಲು ಎತ್ತಲಿಂದ ಬರುತ್ತದೆ, ಗಾಳಿ ಎತ್ತ ಹೋಗುತ್ತದೆ, ಯಾವ ಗೋಡೆ ಬಿಸಿಯನ್ನು ರಾತ್ರಿಯವರೆಗೆ ಇಟ್ಟುಕೊಳ್ಳುತ್ತದೆ, ಎಲ್ಲ ಹೇಳಿಕೊಟ್ಟಳು. ಕಿಟಕಿಯ ಒಳಗೆ ದಪ್ಪ ಪರದೆ ಹಾಕಿದರೆ ಅಷ್ಟಕ್ಕಷ್ಟೆ, ನೆರಳು ಗಾಜಿನ ಹೊರಗೇ ಬೀಳಬೇಕು ಎಂದಳು. ಅಂಗಡಿ, ಬಸ್ಸು, ಆಸ್ಪತ್ರೆ ನಡೆದು ಹೋಗುವಷ್ಟು ದೂರದಲ್ಲಿದ್ದರೆ ಅದಕ್ಕೂ ಮಾರ್ಕ್ಸ್ ಉಂಟಂತೆ. ಇದರಲ್ಲಿ ಮುಕ್ಕಾಲು ಪಾಲು ನನಗೆ ಗೊತ್ತಿದ್ದದ್ದೇ. ಅವಳು ಹೇಳಲು ಕಲಿಸುತ್ತಿದ್ದಳು, ನಾನು ಮುಚ್ಚಿಡಲು ಕಲಿತಿದ್ದೆ, ಅಷ್ಟೇ ವ್ಯತ್ಯಾಸ.

ಮೂರನೇ ಶನಿವಾರ ಅವಳು, "ಕೆಲವರು ಬಿಸಿಲಿಲ್ಲದ ಹೊತ್ತು ನೋಡ್ಕೊಂಡು ಮನೆ ತೋರಿಸ್ತಾರೆ. ನೀವು ತೋರಿಸೋದು ಅರ್ಧ ಗಂಟೆ. ಅವರು ಇರೋದು ಇಡೀ ದಿನ," ಎಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕೈಚೀಲ ಮುಟ್ಟಿ ನೋಡಿಕೊಂಡೆ. ಕಪ್ಪು ಪುಸ್ತಕ ಅದರೊಳಗೇ ಇತ್ತು.

ಆಮೇಲೆ ಮನೆಗೆಲಸ ಕೊಟ್ಟಳು. ಪ್ರತಿಯೊಬ್ಬರೂ ತಾವೇ ಮಾರಿದ, ಜನ ವಾಸವಿರುವ ಒಂದು ಮನೆಗೆ ಹೋಗಬೇಕು. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಅಲ್ಲೇ ಕೂತು, ಗಂಟೆಗೊಮ್ಮೆ ಬಿಸಿ ಅಳೆದು ಬರೆಯಬೇಕು. ಕೊನೆಗೆ ಮನೆಯವರು ಫಾರಮ್ಮಿನಲ್ಲಿ 'ಕೊರತೆ', 'ಅನುಕೂಲ' ಎಂಬ ಎರಡು ಸಾಲು ತುಂಬಿ ಸಹಿ ಹಾಕಬೇಕು.

ನಾನು ಏಳು ಹಳೆಯ ಗಿರಾಕಿಗಳಿಗೆ ಫೋನ್ ಮಾಡಿದೆ. ಒಬ್ಬರು ಊರಲ್ಲಿರಲಿಲ್ಲ, ಒಬ್ಬರಿಗೆ ಪುರುಸೊತ್ತಿರಲಿಲ್ಲ, ನಾಲ್ವರು ನನ್ನ ದನಿ ಕೇಳಿದ್ದೇ ಫೋನ್ ಇಟ್ಟರು. ಏಳನೆಯವರು ಮಾತ್ರ ಇಡಲಿಲ್ಲ, ಬೈದರು. ಉಳಿದದ್ದು ಒಂದೇ ಮನೆ, ನನ್ನ ತಂಗಿಯದು.

ಆ ಮನೆಗೆ ಮಾತ್ರ ನಾನು ಹೋಗಬಾರದಿತ್ತು.

ಅಮ್ಮ ಹೋದಾಗ ಪುಟ್ಟಿಗೆ ಆರು ವರ್ಷ, ನನಗೆ ಹದಿನಾಲ್ಕು. ಅವಳ ಜಡೆ ಹೆಣೆದವಳು, ಲೆಕ್ಕ ತಪ್ಪಿದರೆ ಕಿವಿ ಹಿಂಡಿದವಳು ನಾನು. ಒಂಬತ್ತು ವರ್ಷದ ಹಿಂದೆ ಅವಳು ಕೆಲಸಕ್ಕಿದ್ದ ಬಟ್ಟೆ ಕಾರ್ಖಾನೆಯನ್ನು ದೂರದ ಊರಿಗೆ ಎತ್ತಿದರು. ಒಬ್ಬಳೇ ಇರುವವಳು, ತಾನೂ ಹೋಗುತ್ತೇನೆ ಎಂದಳು. ಇಲ್ಲೇ ಒಂದು ಮನೆ ಸಿಕ್ಕರೆ ಇರುತ್ತೀಯಾ, ಮನೆಯಲ್ಲೇ ಹೊಲಿಗೆ ಮಾಡುತ್ತೀಯಾ ಎಂದೆ. ಅವಳ ಕೈಗೆಟುಕುವ ಮನೆ, ನನ್ನ ಮನೆಯಿಂದ ಎರಡೇ ಬೀದಿ ಆಚೆ, ಒಂದೇ ಒಂದಿತ್ತು. ಪಶ್ಚಿಮಕ್ಕೆ ಮುಖ, ಮೇಲಿನ ಮಹಡಿ. ನನ್ನ ಪುಸ್ತಕದಲ್ಲಿ ಅದರ ಮುಂದೆ 'ಮೂರರಿಂದ ಆರು: ಖಂಡಿತ ಬೇಡ' ಎಂದಿತ್ತು. ಅವಳನ್ನು ಕರೆದುಕೊಂಡು ಹೋದೆ, ಬೆಳಿಗ್ಗೆ ಹತ್ತಕ್ಕೆ. ತಂಪು ಗಾಳಿ ಬೀಸುತ್ತಿತ್ತು. "ಎಷ್ಟು ಚೆನ್ನಾಗಿದೆ ಅಕ್ಕ!" ಎಂದು ಅವಳು ನನ್ನ ಕೈ ಹಿಡಿದುಕೊಂಡಿದ್ದಳು.

ಒಂಬತ್ತು ವರ್ಷದಲ್ಲಿ ಒಂದು ದಿನವೂ ನಾನು ಆ ಮನೆಗೆ ಮಧ್ಯಾಹ್ನ ಹೋಗಿಲ್ಲ. ಅವಳೂ ಯಾವತ್ತೂ ದೂರಿಲ್ಲ. ಬೇಕೆಂದೇ ಮಾಡಿದೆನೆಂದು ತಿಳಿದರೆ ನನ್ನ ಪುಟ್ಟಿ ನನ್ನ ಮುಖ ನೋಡುವುದಿಲ್ಲ ಎಂಬ ಭಯ ಒಳಗೇ ಕೊರೆಯುತ್ತಿತ್ತು.

ಫೋನಿನಲ್ಲಿ ವಿಷಯ ಹೇಳಿದೆ. ಅವಳು ರಾಗ ಎಳೆದಳು. "ಬೇರೆ ಯಾರ ಮನೆನೂ ಇಲ್ವಾ ಅಕ್ಕ? ಸರಿ ಬಾ. ಆದ್ರೆ ಹನ್ನೆರಡಕ್ಕೆಲ್ಲ ಮುಗಿಸ್ಕೊಂಡುಬಿಡು."

ಗೋಡೆಗೆ ಗುರಿಯಿಟ್ಟರೆ ಗೋಡೆಯ ಬಿಸಿ, ಸುಮ್ಮನೆ ಹಿಡಿದರೆ ಕೋಣೆಯ ಬಿಸಿ ತೋರಿಸುವ, ಪಿಸ್ತೂಲಿನಂಥ ಯಂತ್ರ ಹಿಡಿದು ಎಂಟಕ್ಕೆ ಹೋದೆ. "ಯಾರನ್ನ ಸುಡೋಕೆ ಬಂದೆ?" ಎಂದು ನಕ್ಕಳು. ಎಂಟಕ್ಕೆ ಇಪ್ಪತ್ತೈದು ಡಿಗ್ರಿ, ಹತ್ತಕ್ಕೆ ಇಪ್ಪತ್ತೇಳು. ಹತ್ತಕ್ಕೆ ಆ ಮನೆ ಈಗಲೂ ಅರಮನೆಯೇ. ಹನ್ನೆರಡಾಯಿತು. ಪುಟ್ಟಿ ಚಡಪಡಿಸತೊಡಗಿದಳು.

"ಸಾಕಲ್ವಾ? ಉಳಿದಿದ್ದನ್ನ ಅಂದಾಜಲ್ಲಿ ಬರ್ಕೋ."

"ಆ ಟೀಚರ್ ಹದ್ದಿನ ಕಣ್ಣಿನವಳು ಕಣೇ."

"ಹಾಗಾದ್ರೆ ನಿನ್ನ ಮನೆಗೆ ಹೋಗಿ ಮಲಗಿದ್ದು ಆರು ಗಂಟೆಗೆ ಬಾ. ಗಂಟೆಗಂಟೆಗೂ ನಾನೇ ಅಳೆದಿಡ್ತೀನಿ."

ಒಂದೂವರೆಗೆ ಅವಳು ಎದ್ದು, ಹಾಲಿನಲ್ಲಿದ್ದ ಹೊಲಿಗೆ ಯಂತ್ರವನ್ನು ಎಳೆಯತೊಡಗಿದಳು. ಕೈಜೋಡಿಸಲು ಬಗ್ಗಿದಾಗ ನೆಲ ಕಂಡಿತು. ಕಿಟಕಿಯ ಬುಡದಿಂದ ಬಚ್ಚಲಿನ ಪಕ್ಕದ ಕಿರಿದಾದ ಓಣಿಯವರೆಗೆ ಟೈಲ್ಸಿನ ಮೇಲೆ ಎರಡು ಗೀರುಗಳು, ಬೆರಳಾಡಿಸಿದರೆ ಸಿಗುವಷ್ಟು ಆಳ. ಒಂಬತ್ತು ವರ್ಷ ದಿನಾ ಎಳೆದದ್ದು. ಬೆಳಿಗ್ಗೆ ಬೆಳಕಿಗೆ, ಮಧ್ಯಾಹ್ನ ಕತ್ತಲೆಗೆ.

ಮೂರಕ್ಕೆ ಕೋಣೆ ಮೂವತ್ತೇಳು, ಗೋಡೆ ನಲವತ್ತಾರು. ಪುಟ್ಟಿ ಹಾಸಿಗೆಯ ಚಾದರ ಒದ್ದೆ ಮಾಡಿ ಕಿಟಕಿಗೆ ಕಟ್ಟಿದಳು. ಕಣ್ಣು ಮುಚ್ಚಿ ಮಾಡುವಷ್ಟು ರೂಢಿಯಾದ ಕೈ. ಕುತ್ತಿಗೆಯಲ್ಲಿ ಬೆವರುಸಾಲೆ ಕೆಂಪಗೆ ಎದ್ದಿತ್ತು. ನನ್ನ ಮುಖ ನೋಡಿ, ಸಿಕ್ಕಿಬಿದ್ದವಳ ಹಾಗೆ ನಕ್ಕಳು.

"ಇದಕ್ಕೇ ಬೇಡ ಅಂದಿದ್ದು ಅಕ್ಕ. ಒಂಬತ್ತು ವರ್ಷದಿಂದ ನಿನ್ನನ್ನ ಬೆಳಿಗ್ಗೆನೇ ಯಾಕೆ ಕರೀತೀನಿ ಅಂದ್ಕೊಂಡೆ? ಅಷ್ಟು ಹೆಮ್ಮೆಯಿಂದ ಹುಡುಕಿ ಕೊಡಿಸಿದ್ದೆ. ಗೊತ್ತಾದ್ರೆ ನೊಂದ್ಕೋತೀಯ ಅಂತ ಸುಮ್ನಿದ್ದೆ. ಹತ್ತು ಗಂಟೆಗೆ ನೋಡಿದ ಮನೆ, ನಿಂಗಾದ್ರೂ ಏನು ಗೊತ್ತಿತ್ತು ಪಾಪ."

ಆ 'ಪಾಪ' ಎನ್ನುವ ಮಾತನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಒಳ್ಳೆಯ ಅಕ್ಕನಾಗಿಯೇ ಸಾಯಬಹುದಿತ್ತು. ಆದರೆ ಆ ಗೀರುಗಳು ಕಣ್ಣ ಮುಂದೆಯೇ ಇದ್ದವು. ಕೈಚೀಲದಿಂದ ಕಪ್ಪು ಪುಸ್ತಕ ತೆಗೆದು, ಆ ಹಾಳೆ ಬಿಡಿಸಿ ಅವಳ ತೊಡೆಯ ಮೇಲಿಟ್ಟೆ.

"ಗೊತ್ತಿತ್ತು ಕಣೇ," ಎಂದೆ. "ಗೊತ್ತಿದ್ದೇ ಹತ್ತಕ್ಕೆ ಕರ್ಕೊಂಡ್ ಬಂದೆ. ಬೇರೆ ಮನೆ ಹತ್ತಿರದಲ್ಲಿ ಇರ್ಲಿಲ್ಲ. ನೀನು ದೂರ ಹೋಗೋದು ನನ್ನ ಕೈಲಿ ಆಗ್ತಿರ್ಲಿಲ್ಲ."

ಅವಳು ಓದಿದಳು. ಮತ್ತೆ ಓದಿದಳು. ಎದ್ದು ಅಡುಗೆಮನೆಗೆ ಹೋದಳು. ಪಾತ್ರೆಗಳು ಧಡ್ ಧಡ್ ಎಂದವು. ನಾನು ನಲವತ್ತಾರು ಡಿಗ್ರಿಯ ಗೋಡೆ ನೋಡುತ್ತಾ ಕೂತಿದ್ದೆ. ಹೊರಗೆ ಬಂದವಳ ಕಣ್ಣು ಕೆಂಪಗಿತ್ತು.

"ಆ ಕುರ್ಚಿನ ಗೋಡೆ ಪಕ್ಕಕ್ಕೆ ಹಾಕ್ಕೋ," ಎಂದಳು. "ಕೂತ್ಕೋ. ಆರು ಗಂಟೆವರೆಗೂ ಏಳಬಾರದು."

ಕೂತೆ. ಜೀವಮಾನದಲ್ಲಿ ಮೊದಲ ಸಲ ಪುಟ್ಟಿ ಹೇಳಿದ್ದನ್ನು ನಾನು ಕೇಳಿದೆ. ನಾಲ್ಕಕ್ಕೆ ಬೆನ್ನು ಬೆಂದಿತು. ಐದಕ್ಕೆ ಅವಳು ಓಣಿಯಿಂದ ಎದ್ದು ಬಂದು, ನನ್ನ ತಲೆಗೊಂದು ಒದ್ದೆ ಟವಲ್ಲು ಒತ್ತಿ ಹೋದಳು. ಆರಕ್ಕೆ ಫಾರಮ್ಮು ಎಳೆದುಕೊಂಡು 'ಕೊರತೆ'ಯ ಮುಂದೆ 'ಮಧ್ಯಾಹ್ನ ಕುಲುಮೆ. ಕಾರಣ: ಅಕ್ಕ' ಎಂದು ಬರೆದಳು. 'ಅನುಕೂಲ' ಖಾಲಿ ಬಿಟ್ಟಳು. ಸಹಿಯನ್ನೂ ಹಾಕಲಿಲ್ಲ.

"ಈಗ ಹೋಗು. ನಾನಾಗೇ ಕರೆಯೋವರೆಗೂ ಬರ್ಬೇಡ."

ಶನಿವಾರ ಟೀಚರ್ ಫಾರಮ್ಮು ನೋಡಿದಳು. ಎಲ್ಲರ ಮುಂದೆ ಏನೂ ಕೇಳಲಿಲ್ಲ, ಬಂಗಾರದಂಥ ಹುಡುಗಿ. "ಇದು ತುಂಬಿದ್ರೇನೇ ಪಾಸು ಅಕ್ಕ," ಎಂದು ಮೆಲ್ಲಗೆ ಹಿಂದಿರುಗಿಸಿದಳು. ಪಾಸು ಯಾರಿಗೆ ಬೇಕಾಗಿತ್ತು! ಆ ಗೋಡೆಗೆ ಏನು ಮಾಡಬೇಕು ಹೇಳು ತಾಯಿ ಎಂದೆ. ಅವಳು ಚಿತ್ರ ಬರೆದು ಕೊಟ್ಟಳು. ಮಾರನೇ ದಿನವೇ ಆ ಬಿಲ್ಡಿಂಗಿನ ಕಮಿಟಿಯವರ ತಲೆ ತಿಂದು ಒಪ್ಪಿಗೆ ತೆಗೆದುಕೊಂಡೆ. ಪಶ್ಚಿಮದ ಗೋಡೆಗೆ ಹೊರಗಿನಿಂದ ಬಿಳಿ ಬಣ್ಣ ಹೊಡೆಸಿದೆ. ಕಿಟಕಿಯ ಹೊರಗೆ, ಬೇಕಾದಾಗ ಸುತ್ತಿ ಮೇಲೆತ್ತುವ ಬಿದಿರಿನ ತಟ್ಟಿ ಕಟ್ಟಿಸಿದೆ. ಮೆಟ್ಟಿಲು ಹತ್ತುವ ಹಾಗಿಲ್ಲವಲ್ಲ, ಬೀದಿಯಲ್ಲೇ ನಿಂತು ಕತ್ತು ಎತ್ತಿ ಕೆಲಸದವರಿಗೆ ಕೂಗಿ ಹೇಳುತ್ತಿದ್ದೆ. ಕಿಟಕಿಯಲ್ಲಿ ಪುಟ್ಟಿಯ ಮುಖ ಒಮ್ಮೆ ಕಂಡು ಮರೆಯಾಯಿತು.

ಹನ್ನೊಂದು ದಿನ ಫೋನಿಲ್ಲ. ಗಿರಾಕಿಯೊಬ್ಬರು ಪಶ್ಚಿಮದ ಮನೆಯೊಂದನ್ನು ಹತ್ತಕ್ಕೆ ನೋಡಬಹುದಾ ಎಂದರು. "ಮೂರಕ್ಕೆ ಬನ್ನಿ, ಬೆವರು ಒರೆಸಿಕೊಳ್ಳೋಕೆ ಬಟ್ಟೆ ತನ್ನಿ," ಎಂದೆ. ಬಾಸು ಬಾಯಿ ಬಿಟ್ಟು ನೋಡಿದರು.

ಹನ್ನೆರಡನೇ ದಿನ ಫೋನ್ ಬಂತು.

"ನಾಳೆ ಬಾ," ಎಂದಳು ಪುಟ್ಟಿ. "ಮಧ್ಯಾಹ್ನ ಮೂರಕ್ಕೆ. ಆ ಕಾಗದನೂ ತಗೊಂಡು ಬಾ."

ಹೋದೆ. ಹೊಲಿಗೆ ಯಂತ್ರ ಹಾಲಿನಲ್ಲೇ, ಕಿಟಕಿಯ ಬುಡದಲ್ಲೇ ಇತ್ತು. ಅಳೆದೆ, ಮೂವತ್ತೊಂದು. ಅರಮನೆಯೇನಲ್ಲ, ಆದರೆ ಮನುಷ್ಯರು ಇರಬಹುದು. ಅವಳು ಟೀ ತಂದು ಎದುರಿಗೆ ಕೂತಳು.

"ಆವತ್ತು ನಿಜ ಹೇಳಿದ್ರೂ ನಾನು ಇದೇ ಮನೆ ತಗೋತಿದ್ದೆ, ಗೊತ್ತಾ?" ಎಂದಳು. "ಕೇಳಬೇಕಿತ್ತು ನೀನು. ಅದೊಂದಕ್ಕೇ ನಂಗೆ ಕೋಪ."

ಕೈಚೀಲದಿಂದ ಆ ಕಾಗದ ತೆಗೆದಿಟ್ಟೆ. ಅವಳು ಫಾರಮ್ಮು ಎಳೆದುಕೊಂಡು ಖಾಲಿ ಸಾಲು ತುಂಬಿ, ಸಹಿ ಹಾಕಿ ತಿರುಗಿಸಿ ಇಟ್ಟಳು. ಅನುಕೂಲ: 'ಅಕ್ಕನ ಮನೆ ಎರಡೇ ಬೀದಿ.'

ಕೊನೆಯ ಶನಿವಾರ ಟೀಚರ್ ಅದನ್ನು ಓದಿ ಪೆನ್ನು ತೆಗೆದಳು. ಆ ಸಾಲಿನ ಪಕ್ಕದಲ್ಲಿ 'ನಡೆದು ಹೋಗುವಷ್ಟು ದೂರ' ಎಂದು ಬರೆದು ಒಂದು ಮಾರ್ಕ್ಸ್ ಕೊಟ್ಟಳು.