ಫಿರಂಗಿಯ ಪಕ್ಕದ ಕಲ್ಲುಮನೆ

"ಮೆತ್ತಗೆ ಎತ್ರೋ, ನಮ್ಮಮ್ಮನ ಕಾಲದ ಗೋಡೆ ಅದು!" ಮಿಸ್ ಗಿಟ್ಟೆನ್ಸ್ ಕೂಗಿದರು. ಅವರ ಮರದ ಮನೆಯ ಕೊನೆಯ ಗೋಡೆಯೂ ಕಳಚಿ ಲಾರಿ ಏರುತ್ತಿತ್ತು. ಬಾರ್ಬಡೋಸಿನಲ್ಲಿ ಬಡವರ ಮನೆಗಳೇ ಹಾಗೆ. ನೆಲ ತೋಟದ ಧಣಿಯದು, ಮನೆ ಮಾತ್ರ ಅವರದು. ಬೇಡವೆನಿಸಿದ ದಿನ ಬಿಚ್ಚಿಕೊಂಡು ಹೊರಡುವುದು.

ಬೇಲಿಯಾಚೆ ಪಕ್ಕದ ಮನೆಯ ಯೂಲೀನ್ ಮಗುವನ್ನೆತ್ತಿಕೊಂಡು ನೋಡುತ್ತಿದ್ದಳು.

"ನೀನೂ ಬಾರೇ," ಮಿಸ್ ಗಿಟ್ಟೆನ್ಸ್ ಅವಳನ್ನು ಕರೆದರು. " ಆ ದರಿದ್ರ ಫಿರಂಗಿ ಕಾಟ ತಪ್ಪುತ್ತೆ. ಮೇಲಿನ ಗಾಳಿ ಯಾವ ಕಡೆ ಬೀಸುತ್ತೆ ಅಂತ ನೋಡೋಕೆ ಆಕಾಶಕ್ಕೆ ಗುಂಡು ಹೊಡೀತಾರಂತೆ! ನನ್ನ ಕೇಳಿದ್ರೆ ಒಂದು ಲಂಗ ಒಣಹಾಕಿ ಹೇಳ್ತಿದ್ದೆ."

"ಕಲ್ಲಿನ ಮನೇನ ಹೇಗಮ್ಮಾ ಲಾರಿಗೆ ಹಾಕ್ಲಿ?"

ಅವಳ ಗಂಡ ಡಾರ್ನ್ಲಿಗೆ ಆ ಫಿರಂಗಿಯ ಬಳಿಯೇ ಕೆಲಸ. ಅಲ್ಲಿನ ಸಂಬಳದಲ್ಲೇ ಜಾಗ ಕೊಂಡು, ಭಾನುವಾರಗಳಲ್ಲಿ ತಾನೇ ಆ ದ್ವೀಪದಲ್ಲಿ ಸಿಗುವ ಹವಳದ ಸುಣ್ಣಕಲ್ಲು ಕೂರಿಸಿ ಮನೆ ಕಟ್ಟಿದ್ದ. ಬೀದಿಯವರೆಲ್ಲ ಹೊಟ್ಟೆ ಉರಿದುಕೊಂಡಿದ್ದರು. ಗುಂಡು ಹಾರಿದಾಗ ಮರದ ಮನೆಗಳು ಗಡಗಡ ಅಲುಗಿ ಸುಮ್ಮನಾಗುತ್ತಿದ್ದವು. ಕಲ್ಲಿಗೆ ಅಲುಗಲು ಬರುವುದಿಲ್ಲ. ಮಗು ಮಲಗುವ ಕೋಣೆಯ ಗೋಡೆ ಬೆರಳು ತೂರುವಷ್ಟು ಬಿರುಕು ಬಿಟ್ಟಿತ್ತು. ಫಿರಂಗಿಯ ಸಾಹೇಬರಿಗೆ ಹೇಳು ಎಂದು ಯೂಲೀನ್ ದಿನವೂ ಪೀಡಿಸುತ್ತಿದ್ದಳು.

ಮನೆಗಳಿಗೇನಾದರೂ ಹಾನಿಯಾಗಿದೆಯೇ ಎಂದು ನೋಡಲು ಅಂದು ಸಾಹೇಬರೇ ಜೀಪಿನಲ್ಲಿ ಬಂದರು. ಡಾರ್ನ್ಲಿಗೆ ಪಾಳಿಯಿರಲಿಲ್ಲ, ಮನೆಯಲ್ಲೇ ಇದ್ದ. ಸಾಹೇಬರು ಒಳಗೆ ಬಂದು ಬಿರುಕಿನ ಮುಂದೆ ನಿಂತಾಗ ಯೂಲೀನಳಿಗೆ ಹೋದ ಜೀವ ಬಂದಂತಾಯಿತು.

"ಇದು ನಮ್ಮ ಫಿರಂಗಿಯಿಂದ ಆಗಿದ್ದಾ, ಡಾರ್ನ್ಲಿ?"

ಡಾರ್ನ್ಲಿ ಟೋಪಿಯನ್ನು ಕೈಯಲ್ಲಿ ಹಿಂಡಿದ. "ಇಲ್ಲ ಸಾರ್. ನಾನೇ ಕಟ್ಟಿದ್ದು. ಗಾರೆ ಸರಿಯಾಗಿ ಕಲಸಿರಲಿಲ್ಲ."

ಆ ಗಾರೆಯ ಸುಣ್ಣವನ್ನು ಜರಡಿ ಹಿಡಿದವಳು ಯೂಲೀನ್. ನಾಚಿಕೆಯೋ ಸಿಟ್ಟೋ, ಅವಳ ಮುಖ ಉರಿಯಿತು.

"ಕೆಲಸ ಕಲೀಬೇಕಪ್ಪಾ," ಎಂದು ಅವನ ಭುಜ ತಟ್ಟಿ ಸಾಹೇಬರು ಹೊರಟರು.

"ನಿನ್ನ ಹಾಗೆ ಗಾರೆ ಈ ಊರಲ್ಲಿ ಯಾರು ಕಲಸ್ತಾರೆ? ಬಾಯಿ ಬಿದ್ದುಹೋಗಿತ್ತಾ?"

"ಹೌದು ಅಂದಿದ್ರೆ ನಾಳೆಯಿಂದ ಮತ್ತೆ ಕಬ್ಬು ಕಡಿಯೋಕೆ ಹೋಗ್ಬೇಕಿತ್ತು ಕಣೇ."

ಅಷ್ಟರಲ್ಲಿ ಸೈರನ್ ಕೂಗಿತು. ಗುಂಡು ಹಾರುವ ಮುನ್ನ ಸೈರನ್ ಕೂಗಿದರೆ, ಗಾಜು ಒಡೆಯದಂತೆ ಕಿಟಕಿಗಳನ್ನೆಲ್ಲ ತೆರೆದಿಟ್ಟು ಬೀದಿಗೆ ಬರಬೇಕು. ಯೂಲೀನ್ ಮಗುವಿನೊಂದಿಗೆ ಹೊರಗೆ ಬಂದಳು. ಡಾರ್ನ್ಲಿ ಬರಲಿಲ್ಲ. ಕಿಟಕಿಯಿಂದ ನೋಡಿದರೆ ಬಿರುಕಿನ ಮೇಲೆ ಎರಡೂ ಅಂಗೈ ಊರಿ ನಿಂತಿದ್ದ.

"ಹುಚ್ಚು ಹಿಡೀತಾ? ಆಚೆ ಬಾ!"

ಅವನು ಅಂಗೈಗಳನ್ನು ಇನ್ನಷ್ಟು ಬಲವಾಗಿ ಒತ್ತಿದ.

ಅವಳು ಮಗುವನ್ನು ಲಾರಿಯ ಪಕ್ಕ ನಿಂತಿದ್ದ ಮಿಸ್ ಗಿಟ್ಟೆನ್ಸರ ಕೈಗಿತ್ತು ಒಳಗೋಡಿದಳು. ಅವನ ತೋಳು ಹಿಡಿದೆಳೆದಳು, ಅವನು ಕದಲಲಿಲ್ಲ. ಕೊನೆಗೆ ಅವನ ಕೈಗಳ ಪಕ್ಕದಲ್ಲೇ ತನ್ನ ಕೈಗಳನ್ನೂ ಊರಿ, ಕಣ್ಣು ಮುಚ್ಚಿಕೊಂಡು ನಿಂತಳು.